ಅಪ್ಪನ ಕಾರು, ಹದಿನೆಂಟರ ಮಗ

ತ್ರಿಲೋಕ ಸಂಚಾರಿ ನಾರದನಿಗೆ ಗುಡಿ ಕಟ್ಟಿಕೊಂಡ ಊರು ಚಿಗಟೇರಿ. ಹರಪನಹಳ್ಳಿ ತಾಲ್ಲೂಕಿನ ಈ ಊರಿನ ಈಗಿನ ಸಂಚಾರಿಗಳು ಬೈಕು, ಟ್ರ್ಯಾಕ್ಟರು, ಸೆಕೆಂಡ್ ಹ್ಯಾಂಡ್ ಕಾರು ಏರಿದವರು. ಅವರ ಗಾಡಿಗಳ ನಂಬರ್ ಪ್ಲೇಟು ನೋಡಿದರೆ ತಾಲ್ಲೂಕಿನ ಚರಿತ್ರೆಯೇ ತಿಳಿಯುತ್ತದೆ. ಕೆಲವು ದಾವಣಗೆರೆಯ ಕೆಎ-17, ಕೆಲವು ಹೊಸಪೇಟೆಯ ಕೆಎ-35. ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಗಾಡಿಗಳಿಗೆ ಮಾತ್ರ ಹುಟ್ಟಿದಾಗ ಬಿದ್ದ ಹೆಸರೇ ಉಳಿದಿದೆ.

ಇಂಥ ಊರಿನ ಒಂದು ಮನೆಯಲ್ಲಿ ಮಗನಿಗೆ ಹದಿನೆಂಟು ತುಂಬಿ ಡಿಎಲ್ ಕೈಗೆ ಬಂತು ಅಂದುಕೊಳ್ಳಿ. ಅಪ್ಪ ಕಾರಿನ ಇನ್ಸೂರೆನ್ಸ್ ಕಟ್ಟಿಸಲು ಏಜೆಂಟನಿಗೆ ಫೋನ್ ಮಾಡುತ್ತಾನೆ. ಆ ಕಡೆಯಿಂದ ಬರುವ ಪ್ರಶ್ನೆಗಳು ಮೂರೇ: ‘ಯಾವ ಗಾಡಿ? ಎಷ್ಟು ಸಿಸಿ? ಯಾವ ವರ್ಷದ್ದು ಐತಿ?’ ಯಾರು ಓಡಿಸುತ್ತಾರೆ ಎಂದು ಅವನು ಕೇಳುವುದೇ ಇಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇದನ್ನು ಹೇಳಿದರೆ ನಂಬಲಾರರು. ಅಲ್ಲಿ ಹದಿನಾರು ದಾಟಿದ ಮಗಳ ಹೆಸರು ಮನೆಯ ಪಾಲಿಸಿಗೆ ಸೇರಿತೆಂದರೆ ಕಂತು ಸರ್ರನೆ ಏರುತ್ತದೆ. ಅದನ್ನು ಇಳಿಸಲು ಶಾಲೆಯ ಅಂಕಪಟ್ಟಿ ತೋರಿಸಿ ‘ಒಳ್ಳೆಯ ವಿದ್ಯಾರ್ಥಿ’ ರಿಯಾಯಿತಿ ಕೇಳುವವರಿದ್ದಾರೆ. ವಯಸ್ಸು ನೋಡಿ ದರ ಕಟ್ಟಬಾರದು ಎಂದಿರುವ ಹವಾಯಿಯಂಥ ರಾಜ್ಯ ಅಪರೂಪ. ಯುರೋಪಿನಲ್ಲಿ ಹುಡುಗಿಯರು ನಿಧಾನವಾಗಿ ಓಡಿಸುತ್ತಾರೆಂದು ಅವರಿಗೆ ಕಡಿಮೆ ದರ ಹಾಕುತ್ತಿದ್ದರು. ಗಂಡು ಹೆಣ್ಣೆಂದು ದರದಲ್ಲಿ ಭೇದ ಮಾಡಬಾರದೆಂದು ಅಲ್ಲಿನ ನ್ಯಾಯಾಲಯ 2011ರಲ್ಲಿ ಹೇಳಿ, 2012ರ ಡಿಸೆಂಬರ್ 21ರಿಂದ ಅದಕ್ಕೂ ತೆರೆ ಎಳೆಯಿತು.

ನಮ್ಮ ದರಪಟ್ಟಿ ಮಾತ್ರ ಎಂಜಿನ್ ನೋಡುತ್ತದೆ, ಸ್ಟೀರಿಂಗ್ ಹಿಡಿದ ಕೈಯನ್ನು ನೋಡುವುದಿಲ್ಲ. ಇದು ಹೀಗಾಗಿದ್ದಕ್ಕೆ ಎಂಬತ್ತು ವರ್ಷದ ಕಥೆಯಿದೆ.

ಬ್ರಿಟನ್ 1930ರಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿತು. ಅದರ ನೆರಳಿನಲ್ಲೇ ಇಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂತು. ಯುದ್ಧ ಅಡ್ಡ ಬಂದು ವಿಮೆಯ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ಕ್ಕೆ. ಆಗ ಚಿಗಟೇರಿ ಇದ್ದದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ; ಮೈಸೂರಿಗೆ ಸೇರಲು 1953ರ ಅಕ್ಟೋಬರ್ 1ರವರೆಗೆ ಕಾಯಬೇಕಿತ್ತು. ಕಾಯ್ದೆಯ ಕಾಳಜಿ ಗಾಡಿಯವನದ್ದಲ್ಲ, ಗಾಡಿಗೆ ಸಿಕ್ಕಿಬಿದ್ದ ದಾರಿಹೋಕನದ್ದು. ಅವನಿಗೋ ಅವನ ಮನೆಯವರಿಗೋ ದುಡ್ಡು ಸಿಗಬೇಕಾದರೆ ವಿಮೆ ಗಾಡಿಗೇ ಅಂಟಿಕೊಂಡಿರಬೇಕು. ಇನ್ನೊಂದು ನನ್ನ ಊಹೆ: ಆ ಕಾಲದಲ್ಲಿ ಕಾರಿನ ಧಣಿ ಹಿಂದೆ ಕೂರುತ್ತಿದ್ದ, ಓಡಿಸುವವನು ಸಂಬಳದ ಡ್ರೈವರು. ಈ ವರ್ಷ ಒಬ್ಬ, ಮುಂದಿನ ವರ್ಷ ಇನ್ನೊಬ್ಬ. ಅವನ ವಯಸ್ಸು ಕಟ್ಟಿಕೊಂಡು ಕಂಪನಿಗೆ ಏನಾಗಬೇಕಿತ್ತು?

1973ರ ಜನವರಿ 1ಕ್ಕೆ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕೇ ಕಂಪನಿಗಳು ಉಳಿದವು. ದರ ಹೇಳುತ್ತಿದ್ದದ್ದು ಟ್ಯಾರಿಫ್ ಅಡ್ವೈಸರಿ ಕಮಿಟಿ. ಯಾರ ಬಾಗಿಲಿಗೆ ಹೋದರೂ ಅದೇ ದರ, ಚೌಕಾಸಿಗೆ ಜಾಗವಿಲ್ಲ. 2000ದ ಹೊತ್ತಿಗೆ ಖಾಸಗಿಯವರು ಬಂದರು. 2002ರ ಜುಲೈಯಲ್ಲಿ ಬಂದ ಮೋಟಾರ್ ಟ್ಯಾರಿಫ್ ದೇಶವನ್ನು ಎರಡು ವಲಯ ಮಾಡಿತು. ಬೆಂಗಳೂರು ಸೇರಿ ಎಂಟು ಮಹಾನಗರಗಳು ‘ಎ’, ಮಿಕ್ಕ ದೇಶವೆಲ್ಲ ‘ಬಿ’. ಸಾವಿರ ಸಿಸಿಯೊಳಗಿನ, ಐದು ವರ್ಷ ದಾಟದ ಕಾರಿಗೆ ಸ್ವಂತ ಹಾನಿಯ, ಅಂದರೆ ಕಾರಿಗೇ ಆದ ಪೆಟ್ಟಿನ ವಿಮೆಯ ಮೂಲ ದರ ಬೆಂಗಳೂರಿನಲ್ಲಿ ಶೇ 3.127, ನಮ್ಮ ಕಡೆ ಶೇ 3.039. ಎರಡು ಲಕ್ಷದ ಕಾರಿನ ಮೇಲೆ ವರ್ಷಕ್ಕೆ 176 ರೂಪಾಯಿ ಉಳಿತಾಯ. ಹಳ್ಳಿಯವರೆಂದು ಸಿಕ್ಕ ಅಪರೂಪದ ರಿಯಾಯಿತಿ!

2007ರ ಜನವರಿಯಿಂದ ಸ್ವಂತ ಹಾನಿಯ ದರದ ಹಗ್ಗ ಬಿಚ್ಚಿದರು. ಆ ಹಳೆಯ ಪಟ್ಟಿಯ ಮೇಲೆ ಕಂಪನಿಗಳು ಕಡಿತ ಕೊಡತೊಡಗಿದ್ದು ಆಗಿನಿಂದ. ಥರ್ಡ್ ಪಾರ್ಟಿ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿಸಿಯೊಳಗಿನ ಕಾರಿಗೆ 2,094 ರೂಪಾಯಿ, 1,500ರ ತನಕ 3,416, ಅದರಾಚೆ 7,897. ಮೇಲೆ ಶೇ 18 ಜಿಎಸ್‌ಟಿ. ಹದಿನೆಂಟರ ಹುಡುಗನಿಗೂ ಅರವತ್ತರ ಮಾಸ್ತರರಿಗೂ ಇದೇ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು. ಐದು ಮುಗಿದ ಮೇಲೆ ನೆನಪಿಟ್ಟು ಮತ್ತೆ ಕಟ್ಟುವವರು ಎಷ್ಟು ಮಂದಿಯೋ.

ಹಾಗಾದರೆ ಹುಡುಗನಿಗೆ ಅಗ್ಗದ ವಿಮೆ ಹುಡುಕುವುದೆಂದರೆ ಏನು? ಥರ್ಡ್ ಪಾರ್ಟಿಯಲ್ಲಿ ಹುಡುಕಲು ಏನೂ ಇಲ್ಲ, ಯಾರು ಕೊಟ್ಟರೂ ಅಷ್ಟೇ. ಹುಡುಕಬೇಕಾದ್ದು ಸ್ವಂತ ಹಾನಿಯ ಭಾಗದಲ್ಲಿ. ಅಲ್ಲಿ ಅಪ್ಪ ವರ್ಷಗಟ್ಟಲೆ ಕ್ಲೇಮು ಮಾಡದೆ ಕೂಡಿಟ್ಟ ಒಂದು ಗಂಟಿದೆ, ನೋ ಕ್ಲೇಮ್ ಬೋನಸ್. ಮೊದಲ ವರ್ಷ ಶೇ 20, ಆಮೇಲೆ 25, 35, 45, ಐದು ವರ್ಷಕ್ಕೆ 50. ಕಾರು ಮಾರಿದರೂ ಅದು ಅಪ್ಪನ ಜೊತೆಯೇ ಹೊಸ ಕಾರಿಗೆ ಬರುತ್ತದೆ.

ಈ ಗಂಟು ಒಡೆಯುವುದು ಮಗನ ಮೊದಲ ತಿಂಗಳಲ್ಲೇ. ಕೊಟ್ಟೂರಿನ ಜಾತ್ರೆಗೆ ಹೋಗಿ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿ ಬಂಪರ್ ಒಡೆಯಿತು ಅನ್ನಿ. ಹೊಸದಕ್ಕೆ ನಾಲ್ಕು ಸಾವಿರ. ‘ಫುಲ್ ಇನ್ಸೂರೆನ್ಸ್ ಐತಲ್ಲ, ಹಾಕು ಕ್ಲೇಮು’ ಅನ್ನುತ್ತಾರೆ ಎಲ್ಲರೂ. ಸವಕಳಿ ಕಳೆಯದ ‘ಝೀರೋ ಡೆಪ್’ ಕಟ್ಟಿರದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ, ಎರಡು ಸಾವಿರ ಹೋಯಿತು. ಕಡ್ಡಾಯ ಕಡಿತ ಸಾವಿರ. ಕೈಗೆ ಬಂದದ್ದು ಉಳಿದ ಸಾವಿರ. ಎರಡು ಲಕ್ಷದ ಆ ಕಾರಿನ ಮೂಲ ದರ 6,078 ರೂಪಾಯಿ. ಅರ್ಧ ಬೋನಸ್ ಇದ್ದವನಿಗೆ ಬರುವ ವರ್ಷ 3,039 ಹೆಚ್ಚು ಬೀಳುತ್ತದೆ. ಸಾವಿರ ಪಡೆಯಲು ಮೂರು ಸಾವಿರ ಕೊಟ್ಟಂತೆ. ಆಮೇಲೆ ಬೋನಸ್ಸು ಮತ್ತೆ ಶೇ 20ರಿಂದ ಶುರು. ಸಣ್ಣ ಗೀರು, ತಗ್ಗುಗಳಿಗೆ ಕೈಯಿಂದ ಹಾಕುವುದೇ ಲಾಭ.

ದರಪಟ್ಟಿ ವಯಸ್ಸು ಕೇಳದಿರಬಹುದು, ಪಾಲಿಸಿಯ ಷರತ್ತು ಲೈಸೆನ್ಸ್ ಕೇಳುತ್ತದೆ. ಎಲ್‌ಎಲ್ ಇದ್ದು, ಎಲ್ ಬೋರ್ಡು ಹಾಕಿ, ಪಕ್ಕದಲ್ಲಿ ಡಿಎಲ್ ಇದ್ದವರು ಕೂತಿದ್ದರೆ ಕಲಿಯುವವನಿಗೂ ರಕ್ಷೆ ಉಂಟು. ಏನೂ ಇಲ್ಲದ ಹದಿನಾರರ ಹುಡುಗನಿಗೆ ಕೀ ಕೊಟ್ಟರೆ ಕಥೆ ಬೇರೆ. ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟರೂ ಗೊತ್ತಿದ್ದೇ ಗಾಡಿ ಕೊಟ್ಟ ಮಾಲೀಕನಿಂದ ವಸೂಲಿ ಮಾಡಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹಾಗೆ ಹೇಳಿದೆ. 2019ರ ತಿದ್ದುಪಡಿಯ 199ಎ ಕಲಮು ಇನ್ನೂ ಖಾರ: ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಎಲ್‌ಎಲ್ ಕೂಡ ಇಲ್ಲ.

ನಮ್ಮ ಹೊಲಗಳಲ್ಲಿ ಹುಡುಗರು ಮೊದಲು ಹಿಡಿಯುವುದು ಕಾರಿನ ಸ್ಟೀರಿಂಗಲ್ಲ, ಟ್ರ್ಯಾಕ್ಟರಿನದ್ದು. ಅದರ ವಿಮೆ ಬೇಸಾಯದ ಕೆಲಸಕ್ಕೆ. ಟ್ರೇಲರಿನಲ್ಲಿ ಮದುವೆ ದಿಬ್ಬಣ ತುಂಬಿಕೊಂಡು ಹೋಗಿ ಮಗುಚಿದರೆ ‘ನಮಗೆ ಸಂಬಂಧವಿಲ್ಲ’ ಅನ್ನಲು ಕಂಪನಿಗೆ ಕಾರಣ ಸಿದ್ಧವಾಗಿರುತ್ತದೆ.

ಇನ್ನೊಂದು ಗುಟ್ಟು ಆರ್‌ಸಿಯಲ್ಲಿದೆ. ಪಾಲಿಸಿಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ‘ಮಾಲೀಕ-ಚಾಲಕ’ನದ್ದು. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸಿ ಗಾಯಗೊಂಡರೆ ಅದು ಮಗನಿಗೆ ದಕ್ಕದು. ದಾರಿಯಲ್ಲಿ ಬಿದ್ದವನನ್ನು ‘ಚಿಗಟೇರಿ’ ಎಂಬ ಹೆಸರನ್ನೇ ಹೊತ್ತ ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಸೇರಿಸಿ ಓಡಾಡುವ ಹೊತ್ತಿನಲ್ಲಿ ಈ ವಿಷಯ ತಿಳಿದರೆ ಏನು ಬಂತು? ಮಗನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮೊದಲೇ ಮಾಡಿಸಬೇಕು. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನೆರವುಂಟು. ಅದು ಚಿಕಿತ್ಸೆಗೆ ಮಾತ್ರ.

ಎಂಜಿನ್ ಮಾತ್ರ ನೋಡುತ್ತಿದ್ದ ಕಾಲವೂ ಮುಗಿಯುವ ಸೂಚನೆಯಿದೆ. 2022ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿಗೆ ಕೊಟ್ಟ ಹೊಸ ಬಗೆಗಳಲ್ಲಿ ಎರಡು ಹೀಗಿವೆ: ಎಷ್ಟು ಓಡಿಸುತ್ತೀರೋ ಅಷ್ಟಕ್ಕೆ, ಹೇಗೆ ಓಡಿಸುತ್ತೀರೋ ಅದಕ್ಕೆ. ಹರಪನಹಳ್ಳಿ ಸಂತೆ, ವರ್ಷಕ್ಕೆ ನಾಲ್ಕು ಮದುವೆ ಬಿಟ್ಟರೆ ಶೆಡ್ಡಿನಲ್ಲೇ ನಿಲ್ಲುವ ಕಾರಿಗೆ ಮೊದಲನೆಯದು ಸರಿಹೊಂದುತ್ತದೆ. ಎರಡನೆಯದರಲ್ಲಿ ಮೊಬೈಲೋ ಪುಟ್ಟ ಯಂತ್ರವೋ ಬ್ರೇಕಿನ ಒತ್ತಡ, ವೇಗ ಲೆಕ್ಕವಿಡುತ್ತದೆ. ಏಜೆಂಟ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಇನ್ನು ಯಂತ್ರ ಕೇಳಲಿದೆ.

ಅಲ್ಲಿಯವರೆಗೆ, ಮಗನ ಕೈಗೆ ಕೀ ಕೊಡುವ ಮುನ್ನ ಪಾಲಿಸಿ ಹಾಳೆ ತೆಗೆದು ಮೂರು ನೋಡಿ: ಕೊನೆಯ ದಿನಾಂಕ ಯಾವುದು, ಬೋನಸ್ ಎಷ್ಟು, ಹೆಸರು ಯಾರದ್ದು. ಕಂಪನಿಯ ಮೇಲೆ ತಕರಾರಿದ್ದರೆ ವಿಮಾ ಪ್ರಾಧಿಕಾರದ 155255ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡು ಬೇಕಿಲ್ಲ.