ರಜೆ ನಿಮ್ಮದು, ಲೆಕ್ಕವೂ ನಿಮ್ಮದಾಗಲಿ



ಬೇಸಿಗೆ ರಜೆಗೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ನಿಮ್ಮ ಮನೆಯಲ್ಲಿ ಹೇಗೆ ತೀರ್ಮಾನವಾಗುತ್ತದೆ? ಹೆಚ್ಚಿನ ಮನೆಗಳಲ್ಲಿ ಊರಿನ ಹೆಸರಿನಿಂದಲೇ ಮಾತು ಶುರುವಾಗುತ್ತದೆ. ನೀವು ಊಟಿ ಎನ್ನುತ್ತೀರಿ, ತಮ್ಮ ಗೋವಾ ಎನ್ನುತ್ತಾನೆ, ಅಮ್ಮ ಧರ್ಮಸ್ಥಳದ ಹರಕೆಯನ್ನು ನೆನಪಿಸುತ್ತಾರೆ. ಅಪ್ಪ ಮಾತ್ರ "ನೋಡೋಣ" ಎಂದು ಎದ್ದು ಹೋಗುತ್ತಾರೆ.

ಆ "ನೋಡೋಣ" ಎಂಬ ಮಾತಿನೊಳಗೆ ಜೂನ್ ತಿಂಗಳು ಅಡಗಿದೆ. ಶಾಲೆಯ ಶುಲ್ಕ, ಪಠ್ಯಪುಸ್ತಕ, ಸಮವಸ್ತ್ರ, ಬಸ್ ಪಾಸು, ದೊಡ್ಡವರಾದರೆ ಕಾಲೇಜಿನ ಪ್ರವೇಶ ಶುಲ್ಕ, ಹಾಸ್ಟೆಲಿನ ಮುಂಗಡ, ಇವೆಲ್ಲ ರಜೆ ಮುಗಿದ ಮರುವಾರವೇ ಬಾಗಿಲು ತಟ್ಟುತ್ತವೆ. ಮೇ ತಿಂಗಳ ಪ್ರವಾಸಕ್ಕೂ ಜೂನ್ ತಿಂಗಳ ಶುಲ್ಕಕ್ಕೂ ಹಣ ಬರುವುದು ಒಂದೇ ಜೇಬಿನಿಂದ. ಎರಡೂ ಖರ್ಚು ನಿಮಗಾಗಿಯೇ. "ನಮ್ಮ ಕ್ಲಾಸಿನವರೆಲ್ಲ ಹೋಗಿ ಬಂದರು" ಎಂಬ ನಿಮ್ಮ ಒಂದು ಮಾತಿಗೆ ಚೀಟಿ ಎತ್ತಿ, ಕೈಸಾಲ ಮಾಡಿ ಪ್ರವಾಸ ಹೊರಡಿಸುವ ತಂದೆತಾಯಿಗಳಿದ್ದಾರೆ. ಹದಿನಾಲ್ಕು, ಹದಿನಾರು ವರ್ಷದ ನೀವು ಈ ಲೆಕ್ಕಕ್ಕೆ ಕೂರಬಾರದೇಕೆ? ತ್ರೈರಾಶಿ ಕಲಿತದ್ದು ಪರೀಕ್ಷೆಗೆ ಮಾತ್ರವೇ?

ನಾನು ವಿಜ್ಞಾನ ಓದಿ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವನು. ಸರ್ಕಾರಿ ವಾಹಿನಿಯಲ್ಲಿ ಹೊರಾಂಗಣ ಚಿತ್ರೀಕರಣವೆಂದರೆ ಹತ್ತು ಜನ, ಒಂದು ವ್ಯಾನು, ಸಣ್ಣ ಮೊತ್ತ. ನಾವು ಅಲ್ಲಿ ಮೊದಲು ಕೇಳುವ ಪ್ರಶ್ನೆ ಎಷ್ಟು ದಿನ, ಎರಡನೆಯದು ಎಷ್ಟು ಹಣ, ಮೂರನೆಯದು ಎಷ್ಟು ಜನ. ಎಲ್ಲಿಗೆ ಎಂಬುದು ಕೊನೆಗೆ ಬರುತ್ತದೆ. ಕುಟುಂಬದ ಪ್ರವಾಸಕ್ಕೂ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ. ದಾವಣಗೆರೆಯ ಒಂದು ಮನೆ: ಅಪ್ಪ, ಅಮ್ಮ, ಹದಿನಾರರ ಅಕ್ಕ, ಹದಿಮೂರರ ತಮ್ಮ. ಕೈಯಲ್ಲಿರುವುದು 16,000 ರೂಪಾಯಿ. ಮಕ್ಕಳು ಚಿಕ್ಕವರಿದ್ದಾಗ ನಾಲ್ವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ತಮ್ಮನಿಗೆ ಅರ್ಧ ಟಿಕೆಟ್ ಸಾಕಾಗುತ್ತಿತ್ತು. ಹನ್ನೆರಡು ತುಂಬಿದ ಮೇಲೆ ರೈಲಿನಲ್ಲೂ ಬಸ್ಸಿನಲ್ಲೂ ಪೂರ್ತಿ ಟಿಕೆಟ್. ಕೋಣೆಯೂ ಎರಡು ಬೇಕಾಗಬಹುದು. ಊಟದಲ್ಲಂತೂ ತಮ್ಮ ಅಪ್ಪನನ್ನು ಮೀರಿಸುತ್ತಾನೆ! ಮಕ್ಕಳು ಹದಿಹರೆಯಕ್ಕೆ ಬಂದ ವರ್ಷವೇ ಪ್ರವಾಸ ದುಬಾರಿಯಾಗುವುದು ಹೀಗೆ.

ಕೋಣೆಯೊಂದಕ್ಕೆ 1,200ರಂತೆ ಎರಡಕ್ಕೆ 2,400. ಊಟ ತಿಂಡಿ ತಲೆಗೆ 350ರಂತೆ 1,400. ಅಂದರೆ ಎಲ್ಲಿಗೂ ಹೋಗದೆ ಸುಮ್ಮನೆ ಕೂತರೂ ದಿನಕ್ಕೆ 3,800 ರೂಪಾಯಿ. ಮೂರು ರಾತ್ರಿ, ನಾಲ್ಕು ಹಗಲಿಗೆ ಕೋಣೆಗೆ 7,200, ಊಟಕ್ಕೆ 5,600, ಒಟ್ಟು 12,800. ಓಡಾಟಕ್ಕೆ ಉಳಿಯುವುದು 3,200. ಈಗ ಬಾಡಿಗೆ ಕಾರಿನ ಲೆಕ್ಕ ಹಾಕಿ. ಕಿಲೋಮೀಟರಿಗೆ 14 ರೂಪಾಯಿ, ನೀವು ಓಡಾಡಲಿ ಬಿಡಲಿ ದಿನಕ್ಕೆ ಕನಿಷ್ಠ 300 ಕಿಲೋಮೀಟರಿನ ಬಾಡಿಗೆ, ಜೊತೆಗೆ ಚಾಲಕರ ಭತ್ಯೆ 400 ಎಂದಿಟ್ಟುಕೊಂಡರೆ ದಿನಕ್ಕೆ 4,600. ನಾಲ್ಕು ದಿನಕ್ಕೆ 18,400. ಕಾರೊಂದೇ ಇಡೀ ಹಣವನ್ನು ನುಂಗಿ ಇನ್ನೂ ಕೇಳುತ್ತದೆ.

ಬಸ್ಸಿನ ಲೆಕ್ಕ ಬೇರೆಯೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ, ವಿದ್ಯಾರ್ಥಿನಿಯರಿಗೂ, ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಹವಾನಿಯಂತ್ರಿತ, ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸದು. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ನಮ್ಮ ದಾವಣಗೆರೆಯ ಮನೆಯಲ್ಲಿ ಅಮ್ಮ ಮತ್ತು ಅಕ್ಕನಿಗೆ ಖರ್ಚಿಲ್ಲ, ನಾಲ್ಕರ ಬದಲು ಎರಡೇ ಟಿಕೆಟ್. ರಜೆಯಲ್ಲಿ ಈ ಬಸ್ಸುಗಳು ತುಂಬಿ ತುಳುಕುತ್ತವೆ ಎಂಬುದೂ ನಿಜ. ಬೆಳಗಿನ ಮೊದಲ ಬಸ್ಸು ಹಿಡಿದರೆ ಕುಳಿತು ಹೋಗಬಹುದು.

ಹಾಗಾದರೆ ಹಣ ಎಲ್ಲಿ ಉಳಿಯುತ್ತದೆ? ಒಂದು ರಾತ್ರಿ ಕಡಿಮೆ ಮಾಡಿದರೆ ಒಂದೇ ಏಟಿಗೆ 3,800 ಉಳಿಯಿತು. ವಾರಾಂತ್ಯ ಬಿಟ್ಟು ಸೋಮವಾರದಿಂದ ಗುರುವಾರದೊಳಗೆ ಹೋದರೆ ಗಿರಿಧಾಮಗಳಲ್ಲಿ ಕೋಣೆಯ ದರ ಇಳಿದಿರುತ್ತದೆ, ಜನರೂ ಕಡಿಮೆ. ರಜೆ ನಿಮಗೆ ಏಳು ದಿನವೂ ಇದೆ. ಅಪ್ಪ ಅಮ್ಮನಿಗೆ ಕಚೇರಿಯಲ್ಲಿ ಯಾವ ದಿನ ರಜೆ ಸಿಗುತ್ತದೆ ಎಂದು ಮೊದಲು ಕೇಳಿ. ದಿನಕ್ಕೊಂದು ಊರು ಸುತ್ತುವ ಪ್ರವಾಸವಂತೂ ಹಣವನ್ನೂ ತಿನ್ನುತ್ತದೆ, ಪ್ರಾಣವನ್ನೂ ತಿನ್ನುತ್ತದೆ. ಒಂದು ಊರಿನಲ್ಲಿ ಬಿಡಾರ ಹೂಡಿ, ಗಂಟುಮೂಟೆ ಅಲ್ಲೇ ಇಟ್ಟು, ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಮೇಲು. ಆ ಬಿಡಾರ ಅಜ್ಜಿಯ ಮನೆಯೋ ಸೋದರತ್ತೆಯ ಮನೆಯೋ ಆದರೆ ಕೋಣೆಯ ಲೆಕ್ಕವೇ ಅಳಿಸಿಹೋಯಿತು. ಹೋಗುವಾಗ ಎರಡು ದಿನದ ತರಕಾರಿ ಹಣ್ಣು ಕೊಂಡೊಯ್ಯಿರಿ, ಉಂಡ ತಟ್ಟೆ ನೀವೇ ತೊಳೆಯಿರಿ.

ಇನ್ನು ಜಾಗದ ಆಯ್ಕೆ. ಇಲ್ಲಿ ನಿಮ್ಮ ಭೂಗೋಳ, ಭೌತವಿಜ್ಞಾನ ಎರಡೂ ಕೆಲಸಕ್ಕೆ ಬರುತ್ತವೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಉಷ್ಣತೆ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಊಟಿ ಸುಮಾರು 2,240. ವ್ಯತ್ಯಾಸ 1,320 ಮೀಟರ್, ಅಂದರೆ ಎಂಟೂವರೆ ಡಿಗ್ರಿ. ಬೆಂಗಳೂರಿನಲ್ಲಿ 34 ಇದ್ದರೆ ಅಲ್ಲಿ 25ರ ಆಸುಪಾಸು. ಕೆಮ್ಮಣ್ಣುಗುಂಡಿ 1,434 ಮೀಟರ್, ಬೆಂಗಳೂರಿಗಿಂತ ಮೂರು ಡಿಗ್ರಿಯಷ್ಟು ತಂಪು. ಬೆಂಗಳೂರಿನವರಿಗೆ ಇದು ಅಷ್ಟೇನೂ ಅನ್ನಿಸದು. ಆದರೆ ಸುಮಾರು 400 ಮೀಟರ್ ಎತ್ತರದ ರಾಯಚೂರಿನಿಂದ 1,170 ಮೀಟರಿನ ಮಡಿಕೇರಿಗೆ ಬಂದವರಿಗೆ ಎತ್ತರದಿಂದಲೇ ಐದು ಡಿಗ್ರಿಯ ಲಾಭ. ಕಾಡಿನ ನೆರಳು, ಕಡಲ ಕಡೆಯ ಮೋಡ ಸೇರಿ ನಿಜವಾದ ವ್ಯತ್ಯಾಸ ಇನ್ನೂ ಹೆಚ್ಚು. ತಂಪು ಎಷ್ಟು ದೂರದಲ್ಲಿದೆ ಎಂಬುದು ನೀವು ಎಲ್ಲಿಂದ ಹೊರಡುತ್ತೀರಿ ಎಂಬುದರ ಮೇಲೆ ನಿಂತಿದೆ. ಮಲೆನಾಡಿನ ಅಂಚಿನಲ್ಲಿರುವವರು ಊಟಿಯವರೆಗೆ ಹೋಗಬೇಕಾಗಿಯೇ ಇಲ್ಲ. ಅಂದಹಾಗೆ, 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ನೀಲಗಿರಿಗೆ ಖಾಸಗಿ ವಾಹನದಲ್ಲಿ ಹೋಗುವ ಹೊರಗಿನವರಿಗೆ ಇ-ಪಾಸ್ ವ್ಯವಸ್ಥೆ ಬಂತು. ಸರ್ಕಾರಿ ಬಸ್ಸಿನ ಪ್ರಯಾಣಿಕರಿಗೆ ಆ ಕಟ್ಟುಪಾಡು ಇರಲಿಲ್ಲ.

ಕಡಲತೀರದ ವಿಷಯದಲ್ಲಿ ಉಷ್ಣಮಾಪಕವನ್ನೇ ನಂಬಬೇಡಿ. ಮೇ ತಿಂಗಳಲ್ಲಿ ಮಂಗಳೂರಿನ 34 ಡಿಗ್ರಿ ಬೆಂಗಳೂರಿನ 34ಕ್ಕೆ ಸಮವಲ್ಲ. ಮೈ ತಣ್ಣಗಾಗುವುದು ಬೆವರು ಸುರಿದಾಗಲ್ಲ, ಬೆವರು ಆರಿದಾಗ. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 580 ಕ್ಯಾಲರಿ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರದೆ ಮೈಮೇಲೆಯೇ ನಿಲ್ಲುತ್ತದೆ. ಬೆಳಿಗ್ಗೆ ಮತ್ತು ಸಂಜೆ ತೀರದಲ್ಲಿ, ನಡುಹಗಲು ಫ್ಯಾನಿನ ಕೆಳಗೆ ಎಂದು ಒಪ್ಪಿಕೊಂಡು ಹೋಗುವುದಾದರೆ ಸರಿ. ಮೇ ಕೊನೆಯ ಹೊತ್ತಿಗೆ ಕಡಲು ಕೆರಳತೊಡಗುತ್ತದೆ, ಆಗ ನೀರಿಗಿಳಿಯುವ ಮಾತು ಬೇಡ.

ಹೆಸರು ಕೇಳಿ ಹೊರಡುವವರು ಇನ್ನೂ ಕೆಲವು ಕಡೆ ಮೋಸಹೋಗುತ್ತಾರೆ. ಚಿತ್ರದಲ್ಲಿ ಕಂಡ ಜೋಗ ಮಳೆಗಾಲದ್ದು. ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ತಡೆದಿರುವುದರಿಂದ ಮೇ ತಿಂಗಳಲ್ಲಿ 253 ಮೀಟರ್ ಎತ್ತರದ ಆ ಬಂಡೆಯ ಮೇಲೆ ಕಾಣುವುದು ಬೆಳ್ಳಿಯ ಸಣ್ಣ ಎಳೆ. ಹಂಪಿಯ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯವರೆಗೂ ಅದನ್ನು ಉಗುಳುತ್ತವೆ, ಡಿಸೆಂಬರಿಗೆ ಇಟ್ಟುಕೊಳ್ಳಿ. ಚಾರಣದ ಆಸೆಯಿದ್ದವರು ಅರಣ್ಯ ಇಲಾಖೆಯನ್ನು ವಿಚಾರಿಸದೆ ಹೊರಡಬೇಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅನೇಕ ದಾರಿಗಳನ್ನು ಮುಚ್ಚಿರುತ್ತಾರೆ.

ನಮ್ಮ ದಾವಣಗೆರೆಯ ಮನೆಯವರಿಗೆ ನಾನು ಸೂಚಿಸುವುದು ಚಿಕ್ಕಮಗಳೂರನ್ನು. ಊರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್, ಹತ್ತಿರದಲ್ಲೇ. ಇನ್ನೊಂದು ದಿಕ್ಕಿಗೆ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಬೇಲೂರು, ಅಲ್ಲಿಂದ 16 ಕಿಲೋಮೀಟರಿಗೆ ಹಳೇಬೀಡು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳಲ್ಲಿ ಇವೆರಡೂ ಇವೆ. ಮೂರನೆಯದು ಸೋಮನಾಥಪುರ. ವಿಜ್ಞಾನದ ವಿದ್ಯಾರ್ಥಿಗಳು ಶಿಲೆಯನ್ನು ಗಮನಿಸಿ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿಗೊಡ್ಡಿದ ಮೇಲೆ ಗಟ್ಟಿ. ಮದನಿಕೆಯರ ಬಳೆ, ಉಂಗುರಗಳನ್ನು ಅಷ್ಟು ಸೂಕ್ಷ್ಮವಾಗಿ ಕಡೆಯಲು ಸಾಧ್ಯವಾದದ್ದರಲ್ಲಿ ಶಿಲ್ಪಿಯ ಕೈಯಷ್ಟೇ ಕಲ್ಲಿನ ಪಾಲೂ ಇದೆ.

ಎರಡು ರಾತ್ರಿ, ಮೂರು ಹಗಲು. ಮೇಲಿನ ದರದಲ್ಲೇ ಕೋಣೆಗೆ 4,800, ಊಟಕ್ಕೆ 4,200, ಒಟ್ಟು 9,000. ಬಸ್ಸಿಗೆ ಇಬ್ಬರ ಟಿಕೆಟ್. ಬೆಟ್ಟಕ್ಕೆ ಒಂದು ದಿನದ ಮಟ್ಟಿಗೆ ಜೀಪು ಮಾಡಿಕೊಂಡರೂ 16,000 ಮುಟ್ಟುವುದಿಲ್ಲ. ಉಳಿದದ್ದು ಜೂನ್‌ಗೆ. ಮೈಸೂರಿನ ಕಡೆಯವರಿಗೆ ಮೈಸೂರೇ ಬಿಡಾರವಾಗಬಹುದು. ರೈಲು ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣ, ರಂಗನತಿಟ್ಟು ಎಲ್ಲ ಹತ್ತಿರ. ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದು ನೆನಪಿರಲಿ. ಪುರಾತತ್ವ ಸರ್ವೇಕ್ಷಣ ಇಲಾಖೆ ಟಿಕೆಟ್ ಇಟ್ಟಿರುವ ಸ್ಮಾರಕಗಳಲ್ಲಿ ಹದಿನೈದರೊಳಗಿನವರಿಗೆ ಪ್ರವೇಶ ಉಚಿತ. ವಯಸ್ಸಿನ ಪುರಾವೆ ಜೊತೆಗಿರಲಿ.

ಈಗ ನಿಮ್ಮ ಪರವಾಗಿ ಒಂದು ಮಾತನ್ನು ಹಿರಿಯರಿಗೂ ತಲುಪಿಸಬೇಕಾಗಿದೆ. ಈ ಪುಟವನ್ನು ಅವರಿಗೆ ತೋರಿಸಿ. ಹದಿಹರೆಯದಲ್ಲಿ ನಿದ್ರೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಹತ್ತು ಗಂಟೆಗೆ ನಿದ್ದೆ ಬಾರದೆ ಬೆಳಿಗ್ಗೆ ಎಂಟಕ್ಕೂ ಏಳಲಾಗದ ಮಗ ಬರೀ ಸೋಮಾರಿಯಲ್ಲ, ಅವನ ದೇಹದ ಗಡಿಯಾರವೇ ಹಿಂದೆ ಓಡುತ್ತಿದೆ. (ಮಧ್ಯರಾತ್ರಿಯವರೆಗೆ ಮೊಬೈಲು ನೋಡಿದರೆ ಅದು ಇನ್ನೂ ಹಿಂದಾಗುತ್ತದೆ, ಅದನ್ನು ಹಾರ್ಮೋನಿನ ತಲೆಗೆ ಕಟ್ಟಬೇಡಿ.) ಪ್ರತಿದಿನ ನಸುಕಿನ ನಾಲ್ಕಕ್ಕೆ ಎಬ್ಬಿಸಿದರೆ ಇಡೀ ಪ್ರವಾಸ ಮುಖ ಗಂಟಿಕ್ಕಿಕೊಂಡೇ ಕಳೆಯುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ, ಬೋಳು ಶಿಖರದ ಮೇಲೆ ಸಿಡಿಲಿನ ಅಪಾಯ ನಿಜವಾದದ್ದು. ಹೀಗಾಗಿ ಬೆಟ್ಟದ ದಿನ ನೀವು ಬೇಗ ಏಳಿ, ಮರುದಿನ ಅವರು ನಿಮ್ಮನ್ನು ಒಂಬತ್ತರವರೆಗೆ ಮಲಗಲು ಬಿಡಲಿ. ಹೊರಡುವ ಮೊದಲೇ ಈ ಒಪ್ಪಂದ ಆಗಿರಲಿ.

ಒಬ್ಬೊಬ್ಬರಿಗೂ ಅರ್ಧ ದಿನ ಎಂಬ ಪದ್ಧತಿಯನ್ನೂ ಪ್ರಯತ್ನಿಸಿ. ಒಂದು ಹೊತ್ತು ತಮ್ಮ ಹೇಳಿದಂತೆ, ಇನ್ನೊಂದು ಹೊತ್ತು ಅಪ್ಪ ಹೇಳಿದಂತೆ. ಅಮ್ಮನ ಸರದಿ ಬಂದಾಗ "ನಿಮ್ಮಿಷ್ಟವೇ ನನ್ನಿಷ್ಟ" ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಅಡುಗೆ ಮಾಡಿಕೊಂಡರೆ ಅಗ್ಗ ಎಂದು ಒಲೆ ಪಾತ್ರೆ ಇರುವ ಮನೆ ಹಿಡಿಯುವವರು ಆ ಒಲೆಯ ಮುಂದೆ ನಿಲ್ಲುವವರು ಯಾರೆಂದು ಮೊದಲೇ ನಿರ್ಧರಿಸಿ. ವರ್ಷವಿಡೀ ಅಡುಗೆ ಮಾಡಿದವರನ್ನು ನೂರೈವತ್ತು ಕಿಲೋಮೀಟರ್ ಕರೆದೊಯ್ದು ಮತ್ತೆ ಅಡುಗೆಮನೆಗೇ ಬಿಡುವುದು ಯಾವ ರಜೆ?

ರೈಲಿನಲ್ಲಿ ಹೋಗುವವರಿಗೆ ಒಂದು ಸೂಚನೆ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಲಾಗಿದೆ, ಹೊರಡುವ ದಿನ ಬಿಟ್ಟು. ಮೇ 5ಕ್ಕೆ ಹೊರಡುವವರಿಗೆ ಮಾರ್ಚ್ 6ರ ಬೆಳಿಗ್ಗೆ 8 ಗಂಟೆಗೆ ಕಾಯ್ದಿರಿಸುವಿಕೆ ತೆರೆಯುತ್ತದೆ. ಅದು ನಿಮ್ಮ ಪರೀಕ್ಷೆಯ ಕಾಲ. ಆದ್ದರಿಂದ ಫೆಬ್ರವರಿಯ ಒಂದು ಭಾನುವಾರ ಒಂದು ಗಂಟೆ ಕೂತು ದಿನ, ಹಣ, ಊರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ನಾಲ್ವರ ಹೆಸರು ವಯಸ್ಸುಗಳ ಸಮೇತ ಅಪ್ಪನ ಕೈಗೆ ಕೊಟ್ಟು, ನೀವು ಓದಲು ಹೋಗಿ.