ಕೇಪಿನ ಕೋವಿಯ ಕುದುರೆಯ ಯಂತ್ರವನ್ನು ಶುಚಿಯಾಗಿಡುವ ಕ್ರಮ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಕಾಡಿನಂಚಿನ ಗದ್ದೆ ತೋಟಗಳನ್ನು ಕಾಯುವುದಕ್ಕಾಗಿ ಬಾಯಿಂದ ಮದ್ದು ತುಂಬುವ ಕೋವಿಯನ್ನು ಇಟ್ಟುಕೊಂಡಿರುವ ರೈತರು ಅನೇಕರಿದ್ದಾರೆ. 1959ನೆಯ ಇಸವಿಯ ಆಯುಧ ಕಾನೂನಿನಲ್ಲಿಯೂ ಬೆಳೆಯ ರಕ್ಷಣೆಗೆಂದು ಇಂಥ ಕೋವಿಯನ್ನೇ ಹೆಸರಿಸಿ ಲೈಸೆನ್ಸಿಗೆ ಅವಕಾಶ ಕೊಡಲ್ಪಟ್ಟಿದೆ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗಳನ್ನು ತೊಳೆದು, ತೋಕ್ ಪೂವಿಟ್ಟು ಪೂಜಿಸುವರು. ಆದರೆ ನಳಿಗೆಯು ಕನ್ನಡಿಯಂತೆ ಹೊಳೆಯುತ್ತಿರುವ ಕೋವಿಯಲ್ಲಿಯೂ ಮರದೊಳಗೆ ಅಡಗಿರುವ ಕುದುರೆಯ ಯಂತ್ರವು ತುಕ್ಕು ಹಿಡಿದಿರಬಹುದು. ಕೋವಿಯು ತಾನಾಗಿಯೇ ಹಾರಿ ಮನುಷ್ಯರಿಗೆ ಅಪಾಯವಾಗುವುದಕ್ಕೆ ಈ ಯಂತ್ರದ ಕೆಡುಕೇ ಕಾರಣವಾಗಬಲ್ಲುದು.

ಯಂತ್ರದ ರಚನೆಯನ್ನು ಮೊದಲು ತಿಳಿಯತಕ್ಕದ್ದು. ಕುದುರೆಯ ಬುಡಕ್ಕೆ, ಮರದೊಳಗಡೆ, ಒಂದು ಉಕ್ಕಿನ ಬಿಲ್ಲೆಯು ಸೇರಿರುತ್ತದೆ. ಬಲವಾದ ದೊಡ್ಡ ಸ್ಪ್ರಿಂಗು ಈ ಬಿಲ್ಲೆಯನ್ನು ಸದಾ ಮುಂದಕ್ಕೆ ತಿರುಗಿಸಲು ನೋಡುತ್ತಿರುತ್ತದೆ. ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚುಗಳುಂಟು: ಕುದುರೆಯನ್ನು ಅರ್ಧ ಎತ್ತಿದಾಗ ಆಳವಾದ ಕಚ್ಚಿಗೂ, ಪೂರ್ತಿ ಎತ್ತಿದಾಗ ಆಳ ಕಡಮೆಯಾದ ಕಚ್ಚಿಗೂ ಒಂದು ಸಣ್ಣ ನಾಲಗೆಯು ಬಂದು ಬೀಳುತ್ತದೆ. ಟ್ರಿಗರನ್ನು ಎಳೆದರೆ ಈ ನಾಲಗೆಯು ಪೂರ್ತಿ ಎತ್ತಿದ ಕಚ್ಚಿನಿಂದ ಜಾರಿ, ಕುದುರೆಯು ಕೇಪಿನ ಮೇಲೆ ಬಡಿಯುತ್ತದೆ. ಆದಕಾರಣ ತುಂಬಿದ ಕೋವಿಯನ್ನು ಹಿಡಿದವನ ಮತ್ತು ಜತೆಯವರ ಪ್ರಾಣವು ಆ ನಾಲಗೆಯ ತುದಿಯನ್ನು ನಂಬಿಕೊಂಡಿದೆಯೆಂದರೆ ಅತಿಶಯೋಕ್ತಿಯಲ್ಲ. ಅಲ್ಲಿ ಜಿಡ್ಡು ಕಟ್ಟಿದರೆ ನಾಲಗೆಯು ಕಚ್ಚಿನ ತಳದವರೆಗೆ ಇಳಿಯದೆ ಅಂಚಿನಲ್ಲಿಯೇ ನಿಲ್ಲುವುದು. ಕೋವಿಯನ್ನು ನೆಲಕ್ಕೆ ಕುಕ್ಕಿದರೂ ಸಾಕು, ಕುದುರೆಯು ಬೀಳುವುದು.

ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿಯಲ್ಲಿ ಪೊಟಾಸಿನ ಲವಣಗಳಿರುತ್ತವೆ. ಇವು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಒಂದು ರಾತ್ರಿಯೇ ಸಾಕು. ಹಂದಿಯನ್ನು ಬೆದರಿಸಲು ಬರಿಯ ಮದ್ದನ್ನು ಹಾರಿಸಿದರೂ ಮಸಿಯು ಬರುವುದರಿಂದ, ಗುಂಡು ಹಾಕಲಿಲ್ಲವೆಂದು ಶುಚಿ ಮಾಡದೆ ಬಿಡಲಾಗದು. ಸೀಮೆಎಣ್ಣೆಯಿಂದ ಒರಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಸೀಮೆಎಣ್ಣೆಯು ಹಳೆಯ ಜಿಡ್ಡನ್ನು ಕರಗಿಸುವುದೇ ಹೊರತು ಈ ಲವಣಗಳನ್ನು ಕರಗಿಸಲಾರದು. ಅವನ್ನು ಕರಗಿಸುವುದು ನೀರು ಮಾತ್ರ.

ಕೆಲಸಕ್ಕೆ ಕೈಹಾಕುವ ಮುಂಚೆ ಕೇಪನ್ನು ತೆಗೆದು, ಸಲಾಕಿಯನ್ನು ನಳಿಗೆಯ ಬಾಯಿಂದ ತಳದವರೆಗೆ ಇಳಿಸಿ ನೋಡತಕ್ಕದ್ದು. ಬರಿದಾದ ನಳಿಗೆಯಲ್ಲಿ ಸಲಾಕಿಯು ಎಲ್ಲಿಯವರೆಗೆ ಇಳಿಯುವುದೋ ಅಲ್ಲಿ ಒಂದು ಗೆರೆ ಕೊರೆದಿಟ್ಟಿದ್ದರೆ, ಒಳಗೆ ಮದ್ದು ಉಳಿದಿರುವುದು ಕೂಡಲೇ ತಿಳಿಯುವುದು. ಕೇಪಿಲ್ಲವೆಂಬ ಮಾತ್ರಕ್ಕೆ ಕೋವಿಯು ಬರಿದೆಂದು ಭಾವಿಸಬಾರದು.

ಬಳಿಕ ಕುದುರೆಯನ್ನು ಅರ್ಧಕ್ಕೆ ಎತ್ತಿ, ಪಕ್ಕದ ತಿರುಪುಗಳನ್ನು ಸಡಿಲಿಸಿ, ಮರವು ಸೀಳದಂತೆ ಮೆಲ್ಲನೆ ತಟ್ಟಿ ಯಂತ್ರವನ್ನು ಹೊರಕ್ಕೆ ತೆಗೆಯಬೇಕು. ದೊಡ್ಡ ಸ್ಪ್ರಿಂಗನ್ನು ಬಿಚ್ಚಬೇಕಾಗಿಲ್ಲ. ತಕ್ಕ ಹಿಡಿಕೆಯಿಲ್ಲದೆ ಬಿಚ್ಚಿದರೆ ಅದು ಸಿಡಿದು ಕಣ್ಣಿಗೆ ತಗಲಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮಸಿಯನ್ನು ಒರಸಿ, ಒಣಬಟ್ಟೆಯಿಂದ ನೀರನ್ನು ತೆಗೆದು, ಬೆಂಕಿಯಿಲ್ಲದ ಕಡೆಯಲ್ಲಿ ಸೀಮೆಎಣ್ಣೆ ಸವರಿದ ಕುಂಚದಿಂದ ಕಚ್ಚುಗಳನ್ನು ಉಜ್ಜತಕ್ಕದ್ದು. ಅದೂ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ತಿರುಗುವ ಜಾಗಗಳಿಗೆ ಒಂದೊಂದೇ ತೊಟ್ಟು ಬಿಟ್ಟರೆ ಸಾಕು. ಕೊಬ್ಬರಿ ಎಣ್ಣೆಯು ಚಳಿಯಲ್ಲಿ ಹೆಪ್ಪುಗಟ್ಟುವುದು. ಅಗಸೆ ಎಣ್ಣೆಯು ಅರಗಿನಂತೆ ಒಣಗುವುದು. ಎರಡೂ ಈ ಕೆಲಸಕ್ಕೆ ಬಾರವು. ಎಣ್ಣೆ ಹೆಚ್ಚಾದರೆ ಮರವು ಮೆತ್ತಗಾಗುವುದಲ್ಲದೆ, ಅದು ಕೇಪಿನ ತೂತಿಗೆ ಇಳಿದು ಮದ್ದನ್ನೂ ಕೆಡಿಸುವುದು.

ಯಂತ್ರವನ್ನು ಕೂರಿಸುವ ಮರದ ಗೂಡನ್ನೂ ನೋಡಬೇಕು. ಮಳೆಗೆ ಮರವು ಉಬ್ಬಿ ನಾಲಗೆಗೆ ತಾಗುತ್ತಿದ್ದರೆ ಅಲ್ಲಿ ಉಜ್ಜಿದ ಗುರುತು ಕಾಣುವುದು.

ಮತ್ತೆ ಜೋಡಿಸಿದ ಮೇಲೆ, ಬರಿಯ ಕೋವಿಯಲ್ಲಿ, ಕುದುರೆಯನ್ನು ಹೆಬ್ಬೆರಳಿನಿಂದ ಹಿಡಿದುಕೊಂಡೇ ಪರೀಕ್ಷಿಸತಕ್ಕದ್ದು. ಅರ್ಧ ಎತ್ತಿದಾಗ ಟ್ರಿಗರನ್ನು ಎಳೆದರೂ ಕುದುರೆಯು ಬೀಳಕೂಡದು. ಪೂರ್ತಿ ಎತ್ತಿದಾಗ ಹಿಂದಿನಿಂದ ಒತ್ತಿದರೂ ಜಾರಕೂಡದು. ಜಾರಿದರೆ ಆ ಕೋವಿಗೆ ಮದ್ದು ತುಂಬಲೇಬಾರದು. ಕಚ್ಚನ್ನು ಅರದಿಂದ ಉಜ್ಜಿ ಸರಿಪಡಿಸುವೆನೆಂಬುದು ದುಸ್ಸಾಹಸ. ಊರ ಕುಲುಮೆಯಲ್ಲಿ ಸ್ಪ್ರಿಂಗನ್ನು ಕಾಯಿಸಿದರೆ ಉಕ್ಕಿನ ಹದವು ಹೋಗುವುದು. ಲೈಸೆನ್ಸಿಲ್ಲದವರು ಕೋವಿ ರಿಪೇರಿ ಮಾಡುವುದು ಕಾನೂನಿಗೂ ವಿರೋಧ. ಲೈಸೆನ್ಸು ಪಡೆದ ರಿಪೇರಿಗಾರನಲ್ಲಿಗೇ ಒಯ್ಯಬೇಕು.

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದರೆ, ಹಿಂದಿನ ದಿನವೇ ಮದ್ದನ್ನು ತೆಗೆದು ಯಂತ್ರಕ್ಕೆ ಎಣ್ಣೆ ಹಾಕಿ, ಕುದುರೆಯನ್ನು ಇಳಿಸಿ ಒಪ್ಪಿಸತಕ್ಕದ್ದು. ಎತ್ತಿಟ್ಟ ಕುದುರೆಯಿಂದ ಸ್ಪ್ರಿಂಗು ಸೋಲುವುದು. ಹಿಂದಕ್ಕೆ ಪಡೆದ ದಿನ ಸಲಾಕಿಯ ಪರೀಕ್ಷೆಯನ್ನೂ ಕಚ್ಚುಗಳ ಪರೀಕ್ಷೆಯನ್ನೂ ಮಾಡಿದ ಮೇಲೆಯೇ ತೋಟಕ್ಕೆ ಒಯ್ಯತಕ್ಕದ್ದು.