ಹಳೆಯ ಹರಿಗೋಲಿಗೆ ಹೊಸ ಹೊದಿಕೆ

ಹೊಸ ದೋಣಿ ಕೊಳ್ಳುವುದು ಹಣವುಳ್ಳವರ ಮಾತು. ಹಳೆಯದೊಂದನ್ನು ಅಗ್ಗಕ್ಕೆ ಪಡೆದು, ಕೈಯಾರೆ ಸರಿಪಡಿಸಿಕೊಳ್ಳುತ್ತ ಅದರಿಂದಲೇ ಸಂಸಾರ ಸಾಗಿಸುವುದು ನೀರನ್ನು ನಂಬಿದವರ ವಿದ್ಯೆ. ಮಂಡ್ಯ ಜಿಲ್ಲೆಯಲ್ಲಿ ಈ ವಿದ್ಯೆಗೆ ಒಪ್ಪುವ ವಾಹನವೆಂದರೆ ಹರಿಗೋಲು.

ಶ್ರೀರಂಗಪಟ್ಟಣಕ್ಕೆ ಕಾವೇರಿಯುಂಟು, ಕೃಷ್ಣರಾಜಪೇಟೆಗೆ ಹೇಮಾವತಿಯುಂಟು. ಪಾಂಡವಪುರದ ಅಂಚಿಗೆ ಕೃಷ್ಣರಾಜಸಾಗರದ ಹಿನ್ನೀರುಂಟು. ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆಯ ಒಣಸೀಮೆಗೆ ಮಳೆಯ ನೀರು ಹಿಡಿದಿಡುವ ಕೆರೆಗಳೇ ಆಸರೆ. ಸಣ್ಣ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಕೆರೆಯಿಂದ ಕೆರೆಗೆ ಒಯ್ಯಬಲ್ಲ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ತೊಗಲು ಹೊದಿಸಿದ ದುಂಡು ಬುಟ್ಟಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಐದು ಶತಮಾನಗಳಾದರೂ ಆಕಾರ ಬದಲಾಗಿಲ್ಲ. ತೊಗಲಿನ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಹಿಡಿದಿವೆ, ಅಷ್ಟೆ.

ಮಿತವ್ಯಯದ ಗುಟ್ಟಿರುವುದು ಈ ರಚನೆಯಲ್ಲಿಯೇ. ಬಿದಿರಿನ ಹೆಣಿಗೆ ಹರಿಗೋಲಿನ ಎಲುಬು. ಹೊದಿಕೆ ಅದರ ಚರ್ಮ. ಚರ್ಮ ಸವೆದರೆ ಬದಲಿಸಬಹುದು. ಎಲುಬು ಕೊಳೆತರೆ ಉಳಿಗಾಲವಿಲ್ಲ. ಆದುದರಿಂದ ಹಳೆಯ ಹರಿಗೋಲನ್ನು ಕೊಳ್ಳುವವರು ಹೊರಗಿನ ಕರಿಯ ಹೊಳಪಿಗೆ ಮರುಳಾಗದೆ ಒಳಗಿನ ದಬ್ಬೆಗಳನ್ನು ಒತ್ತಿ ನೋಡಬೇಕು. ಬೆರಳಿಗೆ ಮೆತ್ತಗಾದರೆ ಕೊಳೆತಿದೆ ಎಂದರ್ಥ. ಹಳದಿ ಹಿಟ್ಟು ಉದುರಿದರೆ ಕುಟ್ಟೆಹುಳು ಹೊಕ್ಕಿದೆ. ಅಂಚಿನ ಕಟ್ಟು ಸಡಿಲವಾಗಿದ್ದರೆ ಆಕಾರ ಕೆಡುವ ಕಾಲ ದೂರವಿಲ್ಲ. ಬಳಿಕ ಖಾಲಿ ಹರಿಗೋಲನ್ನು ಮೊಣಕಾಲುದ್ದದ ನೀರಿನಲ್ಲಿ ತೇಲಿಬಿಟ್ಟು, ಕಲ್ಲುಗಳ ಭಾರ ಹೇರಿ, ಎಲ್ಲಿ ಜಿನುಗುವುದೆಂದು ಗಮನಿಸಬೇಕು.

ಪಾಲನೆಗೆ ಹಣಕ್ಕಿಂತ ಶಿಸ್ತು ಮುಖ್ಯ. ಕೆಲಸ ಮುಗಿದೊಡನೆ ಹರಿಗೋಲನ್ನು ದಡಕ್ಕೆಳೆದು, ಕೆಸರು ತೊಳೆದು, ಬೋರಲು ಹಾಕಿ ಒಣಗಿಸಬೇಕು. ಒಳಗೆ ನಿಂತ ನೀರೇ ಬಿದಿರಿಗೆ ಮೊದಲ ಶತ್ರು. ಕಲ್ಲಿನ ಮೇಲೆ ಎಳೆಯುವುದಕ್ಕಿಂತ ಎತ್ತಿ ಸಾಗಿಸುವುದು ಲೇಸು. ತೂತು ಸಣ್ಣದಿರುವಾಗಲೇ ಬಟ್ಟೆಯ ತೇಪೆಯಿಟ್ಟು ಡಾಂಬರು ಬಳಿದರೆ ಅಲ್ಪ ಖರ್ಚಿನಲ್ಲಿ ಮುಗಿಯುತ್ತದೆ; ಅಸಡ್ಡೆ ಮಾಡಿದರೆ ಹೊದಿಕೆಯನ್ನೇ ಬದಲಿಸಬೇಕಾದೀತು. ಮುರಿದ ದಬ್ಬೆಯನ್ನು ಕಳಚಿ ಬಲಿತ ಬಿದಿರಿನ ದಬ್ಬೆ ಹೆಣೆಯಬೇಕು. ಎಳೆಯ ಬಿದಿರು ಅಗ್ಗವಾದರೂ ಹುಳುವಿಗೆ ಬೇಗ ತುತ್ತಾಗುತ್ತದೆ.

ಉಳಿತಾಯಕ್ಕೂ ಒಂದು ಎಲ್ಲೆಯುಂಟು. ಪುರಂದರದಾಸರು ನವದ್ವಾರದ ದೇಹವನ್ನು ಹರಿಗೋಲಿಗೆ ಹೋಲಿಸಿದರು. ಸೋರುವ ಹರಿಗೋಲಿನ ಭಯವನ್ನು ಕೇಳುಗರೂ ಅರಿತಿದ್ದರಿಂದಲೇ ಆ ಹೋಲಿಕೆ ಮನ ಮುಟ್ಟಿತು. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಗಿಳಿಯುವುದು, ಒಂದು ಗಿರಾಕಿಯ ಆಸೆಗೆ ಮಿತಿಮೀರಿ ಜನರನ್ನು ತುಂಬುವುದು ಸಲ್ಲದು. ಜೀವರಕ್ಷಕ ಕವಚದ ಖರ್ಚನ್ನು ದುಂದೆಂದು ಯಾರೂ ಎಣಿಸಬಾರದು. ತೇಪೆಯ ಮೇಲೆ ತೇಪೆ ಹಾಕಬಹುದು. ಆದರೆ ಎಲುಬು ಸೋತ ದಿನ ಹಳೆಯ ಹರಿಗೋಲನ್ನು ದಡದಲ್ಲಿಯೇ ಬಿಡುವುದು ಜಾಣತನ. ಮನೆಯಲ್ಲಿ ದಾರಿ ಕಾಯುವವರಿಗೆ ಬೇಕಾದುದು ಹರಿಗೋಲಲ್ಲ, ಅದರಲ್ಲಿ ಹೋದವನು.